ಮಳೆ ನಿಂತರೂ ನಿಲ್ಲದ ಮರದ ಹನಿ: ಇಂಟರ್ನೆಟ್‌ನ ಸಾಲುಗಳನ್ನು ಸರಾಸರಿ ಏಕೆ ಅಳೆಯಲಾರದು

2025ರ ಅಕ್ಟೋಬರ್ 20, ನರಕ ಚತುರ್ದಶಿ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 12 ಗಂಟೆ 18 ನಿಮಿಷವಾಗಿದ್ದಾಗ ಅಮೆರಿಕದ ಉತ್ತರ ವರ್ಜೀನಿಯಾದಲ್ಲಿರುವ ಅಮೆಜಾನ್ ಕ್ಲೌಡ್ ಕೇಂದ್ರದಲ್ಲಿ ಡೈನಮೊಡಿಬಿ ಎಂಬ ದತ್ತಾಂಶ ಸೇವೆಯ ವಿಳಾಸ ಅಳಿಸಿಹೋಯಿತು. ಅದನ್ನು ನೆಚ್ಚಿಕೊಂಡಿದ್ದ ಹತ್ತಾರು ಸೇವೆಗಳು ಒಂದರ ಹಿಂದೆ ಒಂದು ನಿಂತವು. ಎಂಜಿನಿಯರುಗಳು ದೋಷವನ್ನು ಹುಡುಕಿ ವಿಳಾಸವನ್ನು ಸರಿಪಡಿಸಿದ್ದು 2 ಗಂಟೆ 55 ನಿಮಿಷಕ್ಕೆ. ಅಲ್ಲಿಗೆ ಎಲ್ಲವೂ ಮುಗಿಯಬೇಕಿತ್ತು. ಆದರೆ ಹೊಸ ಸರ್ವರುಗಳನ್ನು ಎಂದಿನಂತೆ ತೆರೆಯಲು ಸಾಧ್ಯವಾದದ್ದು ನಮ್ಮ ಲೆಕ್ಕದಲ್ಲಿ ಮರುದಿನ ನಸುಕಿನ 2 ಗಂಟೆ 20 ನಿಮಿಷಕ್ಕೆ. ದೋಷ ಇದ್ದದ್ದು ಎರಡೂವರೆ ಗಂಟೆ. ಅದರ ಬಾಲ ಹನ್ನೊಂದು ಗಂಟೆಗೂ ಉದ್ದ.

ಆ ಬಾಲದಲ್ಲಿ ಏನಾಯಿತೆಂಬುದನ್ನು ಕಂಪನಿಯೇ ನಂತರ ಬಹಿರಂಗವಾಗಿ ಬರೆದಿದೆ. ಅಲ್ಲಿನ ಎಂಜಿನಿಯರುಗಳು ಒಂದೊಂದು ಭೌತಿಕ ಸರ್ವರನ್ನೂ 'ಡ್ರಾಪ್ಲೆಟ್' ಎಂದು, ಅಂದರೆ ಹನಿ ಎಂದು ಕರೆಯುತ್ತಾರೆ. ಈ ಹನಿಗಳನ್ನು ನಿರ್ವಹಿಸುವ ವ್ಯವಸ್ಥೆ ದೋಷ ತೀರಿದ ಕೂಡಲೇ ಎಲ್ಲ ಸರ್ವರುಗಳ ಜೊತೆ ಮತ್ತೆ ಒಪ್ಪಂದ ಕುದುರಿಸಲು ಹೊರಟಿತು. ಕೆಲಸದ ಸಾಲು ಎಷ್ಟು ಉದ್ದವಾಗಿತ್ತೆಂದರೆ ಒಂದು ಕೆಲಸ ಮುಗಿಯುವ ಮುನ್ನವೇ ಅದರ ಗಡುವು ತೀರಿಹೋಗುತ್ತಿತ್ತು. ಗಡುವು ಮೀರಿದ ಕೆಲಸ ಮತ್ತೆ ಸಾಲಿನ ಕೊನೆಗೆ ಬಂದು ನಿಲ್ಲುತ್ತಿತ್ತು. ಯಂತ್ರಗಳು ಬಿಡುವಿಲ್ಲದೆ ದುಡಿಯುತ್ತಿದ್ದವು, ಕೆಲಸ ಮಾತ್ರ ಒಂದಿಂಚೂ ಮುಂದೆ ಹೋಗುತ್ತಿರಲಿಲ್ಲ. ಕೊನೆಗೆ ಒಳಬರುವ ಕೆಲಸವನ್ನು ತಡೆದು, ಕೆಲವು ಯಂತ್ರಗಳನ್ನು ಮರುಚಾಲನೆ ಮಾಡಿ, ಸಾಲನ್ನೇ ಖಾಲಿ ಮಾಡಬೇಕಾಯಿತು.

ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತೇವಲ್ಲ, ಸಾಲುಗಳ ಸ್ವಭಾವವೂ ಅದೇ. ಸಾಲಿಗೆ ನೆನಪಿದೆ. ಅರ್ಧ ಗಂಟೆಯ ಹಿಂದೆ ತನಗಾದ ಪೆಟ್ಟನ್ನು ಅದು ಹೊತ್ತುಕೊಂಡೇ ಇರುತ್ತದೆ. ದೂರಸಂಪರ್ಕ ಜಾಲಗಳನ್ನು ವಿನ್ಯಾಸ ಮಾಡುವ, ಅಳೆಯುವ, ನಿಯಂತ್ರಿಸುವ ನಮ್ಮ ಬಹುಪಾಲು ವಿಧಾನಗಳು ಈ ನೆನಪನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಅವು ಸರಾಸರಿಯನ್ನು ನೋಡುತ್ತವೆ. ನಾವು ಬಳಕೆದಾರರು ಬದುಕುವುದು ಮಾತ್ರ ಸರಾಸರಿಯ ಆಚೆಗಿನ ಆ ಕೆಲವು ಕ್ಷಣಗಳಲ್ಲಿ: ತತ್ಕಾಲ್ ಟಿಕೆಟ್‌ಗಾಗಿ ಬೆಳಗಿನ ಹತ್ತು ಗಂಟೆಯಾಗುವುದನ್ನೇ ಕಾಯುವಾಗ, ಎಸ್ಸೆಸ್ಸೆಲ್ಸಿ ಫಲಿತಾಂಶ ತೆರೆದುಕೊಂಡ ಮೊದಲ ನಿಮಿಷದಲ್ಲಿ, ಆಸ್ಪತ್ರೆಯ ಹಾಸಿಗೆಯಿಂದ ಮಾಡಿದ ವಿಡಿಯೊ ಕರೆ ನಡುವೆ ಹೆಪ್ಪುಗಟ್ಟಿದಾಗ.

ಕೆರೆ, ತೂಬು, ಕೋಡಿ

ಜಾಲದ ಪ್ರತಿ ಕವಲಿನಲ್ಲೂ ಒಂದು ರೌಟರ್ ಇರುತ್ತದೆ. ಒಳಗೆ ಬರುವ ದತ್ತಾಂಶದ ಸಣ್ಣ ತುಂಡುಗಳು, ಅಂದರೆ ಪ್ಯಾಕೆಟ್ಟುಗಳು, ಹೊರಹೋಗುವ ದಾರಿ ತೆರವಾಗುವವರೆಗೆ ಕಾಯಲು ಅದರಲ್ಲಿ ಒಂದಿಷ್ಟು ಜಾಗ ಇರುತ್ತದೆ. ಅದೇ ಬಫರ್. ನಮ್ಮ ಕೆರೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಕಾಲುವೆಯಿಂದ ನೀರು ಬರುತ್ತದೆ, ತೂಬಿನಿಂದ ಅಳತೆಯಷ್ಟೇ ಹೋಗುತ್ತದೆ, ಕೆರೆ ತುಂಬಿದರೆ ಕೋಡಿ ಬೀಳುತ್ತದೆ. ಬಫರ್ ಕೆರೆ, ಹೊರಹೋಗುವ ತಂತಿ ತೂಬು, ಬಿಸಾಡಿದ ಪ್ಯಾಕೆಟ್ಟುಗಳು ಕೋಡಿಯ ನೀರು.

ಈಗ ಒಂದು ಲೆಕ್ಕ ಮಾಡೋಣ. ತೂಬಿನ ಸಾಮರ್ಥ್ಯ ಸೆಕೆಂಡಿಗೆ 1 ಗಿಗಾಬಿಟ್ ಎಂದಿಟ್ಟುಕೊಳ್ಳಿ. ಒಳಹರಿವು ಸಾಮಾನ್ಯವಾಗಿ 0.8 ಗಿಗಾಬಿಟ್. ಐದು ನಿಮಿಷಗಳ ನಡುವೆ ಒಂದೇ ಒಂದು ಸೆಕೆಂಡು ಅದು 1.2 ಗಿಗಾಬಿಟ್‌ಗೆ ಏರುತ್ತದೆ. ಆ ಸೆಕೆಂಡಿನಲ್ಲಿ 0.2 ಗಿಗಾಬಿಟ್, ಅಂದರೆ 25 ಮೆಗಾಬೈಟ್ ಹೆಚ್ಚುವರಿ ಬಂದು ನಿಲ್ಲುತ್ತದೆ. ಬಫರ್ ದೊಡ್ಡದಿದ್ದರೆ ಆ ಸೆಕೆಂಡಿನ ಕೊನೆಯಲ್ಲಿ ಬಂದ ಪ್ಯಾಕೆಟ್ಟು 200 ಮಿಲಿಸೆಕೆಂಡು ಕಾಯಬೇಕು. ಬಫರ್ 10 ಮೆಗಾಬೈಟ್ ಮಾತ್ರ ಇದ್ದರೆ ಅದು 0.4 ಸೆಕೆಂಡಿನಲ್ಲೇ ತುಂಬುತ್ತದೆ. ಉಳಿದ 0.6 ಸೆಕೆಂಡಿನಲ್ಲಿ 15 ಮೆಗಾಬೈಟ್ ಕೋಡಿ ಹರಿಯುತ್ತದೆ. ಸಾಮಾನ್ಯ ಗಾತ್ರದ ಪ್ಯಾಕೆಟ್ಟುಗಳಲ್ಲಿ ಎಣಿಸಿದರೆ ಹತ್ತು ಸಾವಿರ ಪ್ಯಾಕೆಟ್ಟು ಮಣ್ಣುಪಾಲು.

ಇದೇ ಘಟನೆ ಜಾಲ ನಿರ್ವಹಣಾ ಕೊಠಡಿಯ ಪರದೆಯ ಮೇಲೆ ಹೇಗೆ ಕಾಣುತ್ತದೆ? ಜಾಲಗಳನ್ನು ಐದು ನಿಮಿಷಕ್ಕೊಮ್ಮೆ ಅಳೆಯುವುದು ಬಹುಕಾಲದ ವಾಡಿಕೆ. ಐದು ನಿಮಿಷದ ಸರಾಸರಿ ಬಳಕೆ ಶೇ 80.1. ನಷ್ಟವಾದ ದತ್ತಾಂಶ ಶೇ 0.05. ನಕ್ಷೆಯ ಗೆರೆ ಅಲುಗುವುದಿಲ್ಲ, ಹಸಿರು ದೀಪ ಹಸಿರಾಗಿಯೇ ಇರುತ್ತದೆ. ಆ ಒಂದು ಸೆಕೆಂಡಿನೊಳಗೆ ಇದ್ದವರಿಗೆ ಮಾತ್ರ ನಷ್ಟ ಶೇ 10. ಅವರು ದೂರು ಕೊಟ್ಟರೆ "ನಮ್ಮ ಕಡೆ ಎಲ್ಲ ಸರಿಯಿದೆ" ಎಂಬ ಉತ್ತರ ಬರುತ್ತದೆ. ಉತ್ತರ ಕೊಡುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರ ಮುಂದಿರುವ ನಕ್ಷೆಗೆ ಆ ಸೆಕೆಂಡನ್ನು ಕಾಣುವ ಕಣ್ಣೇ ಇಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಫರ್ ದೊಡ್ಡದಿದ್ದು, ಆ ಸೆಕೆಂಡಿನ ಬಳಿಕ ಒಳಹರಿವು 0.8ಕ್ಕೆ ಇಳಿದರೆ ನಿಂತ 0.2 ಗಿಗಾಬಿಟ್ ಕರಗಲು ಇನ್ನೊಂದು ಸೆಕೆಂಡು ಸಾಕು. 0.95ಕ್ಕೆ ಮಾತ್ರ ಇಳಿದರೆ ನಾಲ್ಕು ಸೆಕೆಂಡು ಬೇಕು. 0.99ಕ್ಕೆ ಇಳಿದರೆ ಇಪ್ಪತ್ತು. ಪೆಟ್ಟು ಒಂದೇ, ಅದು ಮಾಯಲು ಹಿಡಿಯುವ ಕಾಲ ಇಪ್ಪತ್ತು ಪಟ್ಟು ಬೇರೆ. ಜಾಲದ ಆರೋಗ್ಯ ಇರುವುದು ಅದು ಎಷ್ಟು ತುಂಬಿದೆ ಎಂಬುದರಲ್ಲಲ್ಲ, ಉಳಿದಿರುವ ತೆರವು ಎಷ್ಟು ಎಂಬುದರಲ್ಲಿ. ಸಾಮರ್ಥ್ಯವನ್ನೆಲ್ಲ ದುಡಿಸಿಕೊಳ್ಳಬೇಕೆಂದು ಆ ತೆರವನ್ನು ಹಿಂಡಿ ತೆಗೆಯುವವರು ಉಳಿಸಿದ ಹಣವನ್ನು ಎಣಿಸುತ್ತಾರೆ, ಚೇತರಿಕೆ ನಿಧಾನವಾದದ್ದನ್ನು ಎಣಿಸುವುದಿಲ್ಲ.

ಎಂದೂ ಬಾರದ ಸ್ಥಿರ ಸ್ಥಿತಿ

ಸರತಿ ಸಾಲುಗಳ ಗಣಿತ ಹುಟ್ಟಿದ್ದೇ ದೂರವಾಣಿಯಿಂದ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ಗಣಿತಜ್ಞ ಎ.ಕೆ. ಎರ್ಲಾಂಗ್ ತಮ್ಮ ಮೊದಲ ಪ್ರಬಂಧವನ್ನು 1909ರಲ್ಲಿ ಪ್ರಕಟಿಸಿದರು. ಇಷ್ಟು ಕರೆಗಳು ಬರುವುದಾದರೆ ಇಷ್ಟು ತಂತಿ ಬೇಕು ಎಂದು ಹೇಳುವ ಅವರ ಪ್ರಸಿದ್ಧ ಸೂತ್ರ ಬಂದದ್ದು 1917ರಲ್ಲಿ. ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ಆ ಸೂತ್ರಕ್ಕೆ ಒಂದು ಷರತ್ತಿದೆ: ವ್ಯವಸ್ಥೆ ಸಮತೋಲನಕ್ಕೆ ಬಂದು ನಿಂತಿರಬೇಕು. ಆರಂಭದಲ್ಲಿ ಸಾಲು ಖಾಲಿ ಇತ್ತೋ ತುಂಬಿತ್ತೋ ಎಂಬುದು ಮರೆತುಹೋಗುವಷ್ಟು ಕಾಲ ಕಳೆದಿರಬೇಕು. ಇದನ್ನೇ ಸ್ಥಿರ ಸ್ಥಿತಿ ಎನ್ನುತ್ತಾರೆ. ಅಲ್ಲಿಗೆ ತಲುಪುವ ಮುನ್ನಿನ ಅವಧಿಗೆ ಸಂಕ್ರಮಣ ಹಂತ ಎನ್ನೋಣ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದಕ್ಕೆ ಇಟ್ಟ ಹೆಸರು ಇಲ್ಲಿಗೂ ಚೆನ್ನಾಗಿ ಒಪ್ಪುತ್ತದೆ.

ಎರ್ಲಾಂಗ್ ಕಾಲಕ್ಕೆ ಆ ಷರತ್ತು ಸಹಜವಾಗಿತ್ತು. ಕರೆಗಳು ಕೆಲವೇ ನಿಮಿಷದವು, ದಟ್ಟಣೆಯ ಗಂಟೆ ದಿನವೂ ಹೆಚ್ಚು ಕಡಿಮೆ ಒಂದೇ ತೆರ. ನಮ್ಮಲ್ಲಿ ಎಸ್‌ಟಿಡಿ ಬೂತುಗಳ ಕಾಲವನ್ನು ಕಂಡವರಿಗೆ ಅದು ಮುರಿಯುವ ಬಗೆಯೂ ನೆನಪಿರಬೇಕು. ರಾತ್ರಿ ದರ ಇಳಿಯುವ ಗಳಿಗೆಯನ್ನೇ ಕಾದು ಬೂತಿನ ಮುಂದೆ ಜನ ನಿಲ್ಲುತ್ತಿದ್ದರು. ಗಡಿಯಾರದ ಮುಳ್ಳು ಸರಿದ ಕೂಡಲೇ ಎಲ್ಲ ಊರುಗಳ ಎಲ್ಲ ಬೂತುಗಳಿಂದ ಒಟ್ಟಿಗೇ ಸಂಖ್ಯೆ ಒತ್ತಲಾಗುತ್ತಿತ್ತು, ತಂತಿಗಳೆಲ್ಲ ಒಮ್ಮೆಲೇ ತುಂಬುತ್ತಿದ್ದವು. ಇಡೀ ದಿನದ ಸರಾಸರಿಯಲ್ಲಿ ಆ ಹದಿನೈದು ನಿಮಿಷಗಳ ಸುಳಿವೂ ಸಿಗುವುದಿಲ್ಲ.

ಸ್ಥಿರ ಸ್ಥಿತಿಗೆ ಬರಲು ಎಷ್ಟು ಹೊತ್ತು ಬೇಕು? ಅತ್ಯಂತ ಸರಳವಾದ ಸಾಲನ್ನು ತೆಗೆದುಕೊಳ್ಳೋಣ: ಒಂದೇ ಕೌಂಟರ್, ಜನ ತಮಗೆ ತೋಚಿದ ಹೊತ್ತಿಗೆ ಬರುತ್ತಾರೆ, ಕೆಲಸದ ಅವಧಿಯೂ ಒಬ್ಬರಿಂದ ಒಬ್ಬರಿಗೆ ಬೇರೆ. ಇದರ ನೆನಪು ಅಳಿಯುವ ಕಾಲಕ್ಕೆ ಒಂದು ಸುಂದರವಾದ ಸೂತ್ರವಿದೆ. ಕೌಂಟರಿನ ಬಳಕೆಯ ಪ್ರಮಾಣದ ವರ್ಗಮೂಲವನ್ನು 1ರಿಂದ ಕಳೆಯಿರಿ, ಉಳಿದದ್ದನ್ನು ವರ್ಗ ಮಾಡಿ, ಅದರಿಂದ 1ನ್ನು ಭಾಗಿಸಿ. ಬರುವ ಉತ್ತರ, ಒಬ್ಬರಿಗೆ ಹಿಡಿಯುವ ಸಮಯದ ಎಷ್ಟು ಪಟ್ಟು ಹೊತ್ತು ಕಳೆದರೆ ಆ ನೆನಪು ಅಳಿಯುತ್ತದೆ ಎಂಬುದನ್ನು ಹೇಳುತ್ತದೆ. ಕೌಂಟರ್ ಶೇ 50 ತುಂಬಿದ್ದರೆ ಸುಮಾರು 12 ಪಟ್ಟು. ಶೇ 80 ಇದ್ದರೆ 90. ಶೇ 90 ಇದ್ದರೆ 380. ಶೇ 99ಕ್ಕೆ ಹೋದರೆ ಸುಮಾರು 39,800.

ಈ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು ಎಂದು ನನಗೆ ಯಾವಾಗಲೂ ಅನಿಸುತ್ತದೆ. ಸರ್ಕಾರಿ ಕಚೇರಿಯೊಂದರ ಕೌಂಟರಿನಲ್ಲಿ ಒಬ್ಬರಿಗೆ ಸರಾಸರಿ 2 ನಿಮಿಷ ಹಿಡಿಯುತ್ತದೆ, ಕೌಂಟರ್ ಶೇ 90 ತುಂಬಿರುತ್ತದೆ ಎಂದುಕೊಳ್ಳಿ. ಆ ಸಾಲಿನ ಕಾಲಮಾನ, ಅಂದರೆ ನೆನಪು ಅಳಿಯುವ ಕಾಲ, 760 ನಿಮಿಷ, ಹನ್ನೆರಡೂವರೆ ಗಂಟೆಗೂ ಹೆಚ್ಚು. ಕಚೇರಿ ತೆರೆದಿರುವುದೇ ಎಂಟು ಗಂಟೆ! ಪುಸ್ತಕದ ಸೂತ್ರ "ಸರಾಸರಿ ಒಂಬತ್ತು ಜನ ಇರುತ್ತಾರೆ" ಎಂದು ಹೇಳುತ್ತದೆ. ಆ ಮಾತು ನಿಜವಾಗಲು ಬೇಕಾದಷ್ಟು ಹೊತ್ತು ಕಚೇರಿಯ ಬಾಗಿಲು ತೆರೆದೇ ಇರುವುದಿಲ್ಲ. ಆ ಕೌಂಟರಿನ ಪಾಲಿಗೆ ಪ್ರತಿ ದಿನವೂ ಬೆಳಗಿನಿಂದ ಸಂಜೆಯವರೆಗೆ ಸಂಕ್ರಮಣವೇ.

ರೌಟರಿಗೆ ಬಂದರೆ ಕಾಲ ಕುಗ್ಗುತ್ತದೆ, ತರ್ಕ ಹಾಗೆಯೇ ಉಳಿಯುತ್ತದೆ. ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುವ ದಾರಿಯಲ್ಲಿ 1500 ಬೈಟಿನ ಒಂದು ಪ್ಯಾಕೆಟ್ಟಿಗೆ 1.2 ಮಿಲಿಸೆಕೆಂಡು ಬೇಕು. ಶೇ 90ರ ಬಳಕೆಯಲ್ಲಿ ಕಾಲಮಾನ ಅರ್ಧ ಸೆಕೆಂಡಿಗೂ ಸ್ವಲ್ಪ ಕಡಿಮೆ. ಶೇ 99ರಲ್ಲಿ 48 ಸೆಕೆಂಡು. ಆ 48 ಸೆಕೆಂಡುಗಳಲ್ಲಿ ಯಾರೋ ವಿಡಿಯೊ ತೆರೆದಿರುತ್ತಾರೆ, ಯಾರೋ ಮುಚ್ಚಿರುತ್ತಾರೆ, ಒಳಹರಿವೇ ಬದಲಾಗಿರುತ್ತದೆ. ಸಾಲು ಓಡುವ ಗುರಿಯ ಹಿಂದೆ ಓಡುತ್ತಲೇ ಇರುತ್ತದೆ, ಎಂದೂ ಮುಟ್ಟುವುದಿಲ್ಲ.

ಹಾಗಾದರೆ ಗಣಿತಜ್ಞರು ಸಂಕ್ರಮಣವನ್ನು ಏಕೆ ಬಿಟ್ಟರು? ಬಿಡಲಿಲ್ಲ. ಅದು ಕಷ್ಟವಾಗಿತ್ತು ಅಷ್ಟೆ. ಮೇಲೆ ಹೇಳಿದ ಅತಿ ಸರಳ ಸಾಲಿನ ಸ್ಥಿರ ಸ್ಥಿತಿಯನ್ನು ಪದವಿ ತರಗತಿಯ ವಿದ್ಯಾರ್ಥಿ ಅರ್ಧ ಪುಟದಲ್ಲಿ ಬಿಡಿಸಬಲ್ಲ. ಅದೇ ಸಾಲು ಕ್ಷಣಕ್ಷಣಕ್ಕೂ ಹೇಗಿರುತ್ತದೆ ಎಂಬುದಕ್ಕೆ 1954ರಲ್ಲಿ ಸಿಕ್ಕ ಉತ್ತರದಲ್ಲಿ ಬೆಸೆಲ್ ಫಲನಗಳೆಂಬ ಜಟಿಲ ಗಣಿತ ಸೂತ್ರಗಳ ಅನಂತ ಸರಣಿ ಇತ್ತು. ಹೆಮ್ಮೆಯಿಂದ ಹೇಳಬೇಕಾದ ಮಾತೊಂದು ಇಲ್ಲಿದೆ. ಅದೇ ಐವತ್ತರ ದಶಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವರು ಎನ್.ಯು. ಪ್ರಭು. ಸಾಲುಗಳು ಕಾಲದೊಡನೆ ಬದಲಾಗುವ ಬಗೆಯ ಮೇಲೆ ದುಡಿದ ಅವರು ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. 1986ರಲ್ಲಿ ಸರತಿ ಸಾಲುಗಳಿಗೆಂದೇ ಅಂತರರಾಷ್ಟ್ರೀಯ ಸಂಶೋಧನಾ ಪತ್ರಿಕೆ ಆರಂಭವಾದಾಗ ಅದರ ಸ್ಥಾಪಕ ಸಂಪಾದಕರಾದರು. ಧಾರವಾಡದ ಮಳೆಯನ್ನು ಕಂಡವರು ಈ ಶಾಸ್ತ್ರದ ಮುಂಚೂಣಿಯಲ್ಲಿದ್ದರು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಇಂದು ಬೆಸೆಲ್ ಫಲನಗಳ ಹಂಗಿಲ್ಲ. ಸಾಲನ್ನು ನೀರಿನಂತೆ ಭಾವಿಸಿ ಒಳಹರಿವು ಹೊರಹರಿವುಗಳ ಸಮೀಕರಣವನ್ನು ಕಂಪ್ಯೂಟರಿನಲ್ಲಿ ಹೆಜ್ಜೆಹೆಜ್ಜೆಯಾಗಿ ಬಿಡಿಸಬಹುದು. ಪೂರ್ಣ ಜಾಲವನ್ನೇ ಕಂಪ್ಯೂಟರಿನೊಳಗೆ ಅನುಕರಿಸಿ ನೋಡಬಹುದು. ಅಲ್ಲೂ ಒಂದು ಅಭ್ಯಾಸ ಬೇರೂರಿದೆ. ಅನುಕರಣೆ ಆರಂಭವಾದ ಮೊದಲ ಹೊತ್ತಿನ ಅಂಕಿಗಳನ್ನು ಇಂಜಿನ್ ಬಿಸಿಯಾಗುವ ಹೊತ್ತು ಎಂದು ತೆಗೆದು ಎಸೆಯುತ್ತಾರೆ. ಸ್ಥಿರ ಸ್ಥಿತಿಯ ಲೆಕ್ಕ ಕೆಡಬಾರದೆಂಬ ಕಾರಣಕ್ಕೆ ಅದು ಸರಿಯೇ. ಆದರೆ ಗ್ರಾಹಕ ಪಡುವ ಪಾಡು ಇರುವುದು ಅವರು ಎಸೆದ ಆ ಅಂಕಿಗಳಲ್ಲಿ.

ಇದಕ್ಕೆ ಇಂಟರ್ನೆಟ್‌ನ ಸ್ವಭಾವವೂ ಕೂಡಿಕೊಂಡಿತು. ದೂರವಾಣಿ ಕರೆಗಳನ್ನು ಹೆಚ್ಚು ಹೊತ್ತು ಕೂಡಿಸಿ ನೋಡಿದರೆ ಏರಿಳಿತ ಸಮವಾಗುತ್ತದೆ. 1990ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್‌ಕೋರ್ ಎಂಬ ದೂರಸಂಪರ್ಕ ಸಂಶೋಧನಾ ಸಂಸ್ಥೆಯ ಸಂಶೋಧಕರು ಕಂಪ್ಯೂಟರ್ ಜಾಲದ ಹರಿವನ್ನು ಅಳೆದಾಗ ಕಂಡದ್ದು ಬೇರೆ. ಸೆಕೆಂಡಿನ ನೂರನೆಯ ಭಾಗದಲ್ಲಿ ನೋಡಿದರೂ, ನಿಮಿಷಗಳಲ್ಲಿ ನೋಡಿದರೂ ಅದು ಅಷ್ಟೇ ಒರಟಾಗಿ ಏರಿಳಿಯುತ್ತಿತ್ತು. ಮಲೆನಾಡಿನ ಗುಡ್ಡಸಾಲನ್ನು ಎಷ್ಟು ದೂರದಿಂದ ನೋಡಿದರೂ ಗುಡ್ಡಗಳೇ ಕಾಣುವ ಹಾಗೆ.

ಕೆರೆ ದೊಡ್ಡದಾದಷ್ಟೂ ಒಳ್ಳೆಯದೇ?

ಸಾಲಿನ ಸಮಸ್ಯೆಗೆ ಮೊದಲು ತೋಚುವ ಪರಿಹಾರ ಬಫರನ್ನು ದೊಡ್ಡದು ಮಾಡುವುದು. ಕೋಡಿ ಬೀಳದಿದ್ದರೆ ನಷ್ಟವೇ ಇಲ್ಲವಲ್ಲ! ಮೆಮೊರಿ ಅಗ್ಗವಾದಂತೆ ತಯಾರಕರು ಅದನ್ನೇ ಮಾಡಿದರು, ಮನೆಯ ಮೋಡೆಮ್ಮಿನಿಂದ ಹಿಡಿದು ಮೊಬೈಲ್ ಗೋಪುರದವರೆಗೆ. ಇದು ಒಳ್ಳೆಯ ಉದ್ದೇಶದಿಂದ ಆದ ದೊಡ್ಡ ತಪ್ಪು.

ತಪ್ಪು ಅರ್ಥವಾಗಬೇಕಾದರೆ 1986ಕ್ಕೆ ಹೋಗಬೇಕು. ಆ ವರ್ಷ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅದರಿಂದ 400 ಗಜ ದೂರದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಚೀಟಿ ಬರೆದು ಕೈಯಲ್ಲಿ ಹಿಡಿದು ನಡೆದು ಹೋಗಿದ್ದರೆ ಬೇಗ ತಲುಪುತ್ತಿತ್ತು. ಕಳೆದುಹೋದ ಪ್ಯಾಕೆಟ್ಟುಗಳನ್ನು ಎಲ್ಲ ಕಂಪ್ಯೂಟರುಗಳೂ ಮತ್ತೆಮತ್ತೆ ಕಳುಹಿಸಿ ದಾರಿಯನ್ನು ಮುಚ್ಚಿಹಾಕಿದ್ದವು. ಆ ಪ್ರಯೋಗಾಲಯದ ಸಂಶೋಧಕ ವ್ಯಾನ್ ಜೇಕಬ್‌ಸನ್ ಅದಕ್ಕೆ ಕಂಡುಕೊಂಡ ಪರಿಹಾರ 1988ರಲ್ಲಿ ಪ್ರಕಟವಾಯಿತು. ಕಳುಹಿಸುವ ಕಂಪ್ಯೂಟರು ವೇಗವನ್ನು ಮೆಲ್ಲಗೆ ಏರಿಸುತ್ತಾ ಹೋಗಬೇಕು. ಪ್ಯಾಕೆಟ್ಟು ಕಳೆದುಹೋದರೆ ದಾರಿ ತುಂಬಿದೆಯೆಂದು ತಿಳಿದು ವೇಗವನ್ನು ತಟ್ಟನೆ ಇಳಿಸಬೇಕು. ಇಂಟರ್ನೆಟ್ ಇಂದಿಗೂ ನಿಂತಿರುವುದು ಈ ಶಿಸ್ತಿನ ಮೇಲೆ.

ಅಂದರೆ ಕೋಡಿ ಬೀಳುವುದು ನಷ್ಟ ಮಾತ್ರವಲ್ಲ, ಮೇಲಿನಿಂದ ಕಳುಹಿಸುತ್ತಿರುವವರಿಗೆ ಹೋಗುವ ಎಚ್ಚರಿಕೆಯೂ ಹೌದು. ಬಫರ್ ಅತಿ ದೊಡ್ಡದಾದರೆ ಕೋಡಿ ಬೀಳುವುದು ತಡವಾಗುತ್ತದೆ, ಎಚ್ಚರಿಕೆಯೂ ತಡವಾಗುತ್ತದೆ. ಅಷ್ಟರಲ್ಲಿ ಕೆರೆ ತುಂಬಿ ನಿಂತಿರುತ್ತದೆ. ಒಂದು ಫೋಟೊ ಕಡತ ಅಪ್‌ಲೋಡ್ ಆಗುತ್ತಿರುವಾಗ 1 ಮೆಗಾಬೈಟಿನ ಬಫರು ಸೆಕೆಂಡಿಗೆ 1 ಮೆಗಾಬಿಟ್ ಸಾಗಿಸುವ ದಾರಿಯ ಮುಂದೆ ತುಂಬಿ ನಿಂತರೆ ಅದರ ಹಿಂದೆ ಬಂದ ಪ್ರತಿ ಪ್ಯಾಕೆಟ್ಟೂ 8 ಸೆಕೆಂಡು ಕಾಯಬೇಕು. ಅದು ನಿಮ್ಮ ತಾಯಿಯ ಜೊತೆ ಆಡುತ್ತಿರುವ ಮಾತಿನ ಪ್ಯಾಕೆಟ್ಟಾದರೂ ಸರಿ, ಯುಪಿಐ ಪಾವತಿಯ ಪ್ಯಾಕೆಟ್ಟಾದರೂ ಸರಿ. ನಷ್ಟ ಸೊನ್ನೆ, ವೇಗ ಪೂರ್ಣ, ಸಂಪರ್ಕ ಮಾತ್ರ ನಿಷ್ಪ್ರಯೋಜಕ. ಬೆಲ್ ಪ್ರಯೋಗಾಲಯದಲ್ಲಿದ್ದ ಜಿಮ್ ಗೆಟ್ಟಿಸ್ 2010ರಲ್ಲಿ ತಮ್ಮ ಮನೆಯ ಸಂಪರ್ಕದಲ್ಲೇ ಇದನ್ನು ಪತ್ತೆ ಮಾಡಿ 'ಬಫರ್‌ಬ್ಲೋಟ್' ಎಂದು ಹೆಸರಿಟ್ಟರು. ಬಫರಿನ ಹೊಟ್ಟೆಯುಬ್ಬರ ಎನ್ನಬಹುದು. ನೀವೂ ಪರೀಕ್ಷಿಸಿ ನೋಡಬಹುದು: ಕಂಪ್ಯೂಟರಿನಲ್ಲಿ ಒಂದು ಕಡೆ ಪಿಂಗ್ (ಪ್ಯಾಕೆಟ್ಟೊಂದು ಹೋಗಿ ಮರಳಲು ಹಿಡಿಯುವ ಸಮಯವನ್ನು ಅಳೆಯುವ ಆದೇಶ) ಓಡುತ್ತಿರಲಿ, ಇನ್ನೊಂದು ಕಡೆ ದೊಡ್ಡ ಕಡತವೊಂದನ್ನು ಅಪ್‌ಲೋಡ್ ಮಾಡಿ. ಪಿಂಗ್ ತೋರಿಸುವ ಮಿಲಿಸೆಕೆಂಡುಗಳು ಹತ್ತಾರು ಪಟ್ಟು ಜಿಗಿದರೆ ನಿಮ್ಮ ಮನೆಯಲ್ಲೂ ಅದೇ ಉಬ್ಬರವಿದೆ.

ದೊಡ್ಡ ರೌಟರುಗಳ ವಿಷಯದಲ್ಲಿ 2004ರಲ್ಲೇ ಸ್ಟ್ಯಾನ್‌ಫರ್ಡ್ ಸಂಶೋಧಕರು ಹಳೆಯ ನಂಬಿಕೆಯನ್ನು ಅಲುಗಿಸಿದ್ದರು. ಹತ್ತು ಸಾವಿರ ಹರಿವುಗಳು, ಅಂದರೆ ಬೇರೆಬೇರೆ ಸಂಪರ್ಕಗಳ ದತ್ತಾಂಶ, ಒಂದೇ ದಾರಿಯಲ್ಲಿ ಬೆರೆತಾಗ ಎಲ್ಲವೂ ಒಂದೇ ಕ್ಷಣದಲ್ಲಿ ಏರುವುದಿಲ್ಲ, ಹಾಗಾಗಿ ಬಫರನ್ನು ಶೇ 99ರಷ್ಟು ತಗ್ಗಿಸಬಹುದು ಎಂದು ಅವರು ತೋರಿಸಿದರು. ಮನೆಯ ಮೋಡೆಮ್ಮಿಗೆ ಆ ಸೌಕರ್ಯವಿಲ್ಲ. ಅಲ್ಲಿ ಇರುವುದೇ ಬೆರಳೆಣಿಕೆಯ ಹರಿವುಗಳು. ಮೊಬೈಲ್ ಗೋಪುರದ ಪಾಡು ಇನ್ನೂ ಕಠಿಣ, ಏಕೆಂದರೆ ಅಲ್ಲಿ ತೂಬಿನ ಅಗಲವೇ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ನೀವು ಲಿಫ್ಟಿನೊಳಗೆ ಕಾಲಿಟ್ಟ ಕೂಡಲೇ ಸಾಮರ್ಥ್ಯ ಕುಸಿಯುತ್ತದೆ, ನಿಮಗಾಗಿ ಗೋಪುರದ ಬಳಿ ಸಾಲು ಬೆಳೆಯುತ್ತದೆ, ಹೊರಬಂದ ಮೇಲೂ ಆ ಹಳೆಯ ಸಾಲು ಮೊದಲು ಕರಗಬೇಕು.

ಬಂದು ಹೋಗುವ ಸಾಲು, ಬಂದು ಕೂರುವ ಸಾಲು

ಇಲ್ಲಿಂದ ಮುಂದಿನ ಹೆಜ್ಜೆ ಈ ಕ್ಷೇತ್ರದ ಅತ್ಯಂತ ಚೆಲುವಾದ ವಿಚಾರಗಳಲ್ಲಿ ಒಂದು ಎಂಬುದು ನನ್ನ ಅಭಿಪ್ರಾಯ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್‌ಸನ್ ಒಂದು ಸರಳ ಪ್ರಶ್ನೆ ಕೇಳಿದರು: ಸಾಲು ಯಾವಾಗ ಕೆಟ್ಟದ್ದು? ಉದ್ದವಾದಾಗ ಎಂಬುದು ಹಳೆಯ ಉತ್ತರ. ಅವರು ಅದನ್ನು ಒಪ್ಪಲಿಲ್ಲ. ಬಸ್ಸು ಬಂದಾಗ ನಿಲ್ದಾಣದ ಹೋಟೆಲಿನ ಮುಂದೆ ಮೂವತ್ತು ಜನ ನಿಂತು ಐದು ನಿಮಿಷದಲ್ಲಿ ಕಾಫಿ ಕುಡಿದು ಹೊರಟರೆ ಅದು ಒಳ್ಳೆಯ ಸಾಲು. ಹರಿವಿನ ಏರಿಳಿತವನ್ನು ಹೀರಿಕೊಳ್ಳುವುದಕ್ಕೇ ಅದು ಇರುವುದು. ಇಡೀ ದಿನ ಹತ್ತೇ ಜನ ನಿಂತಿದ್ದು ಆ ಹತ್ತು ಎಂದೂ ಕಡಿಮೆಯಾಗದಿದ್ದರೆ ಅದು ಕೆಟ್ಟ ಸಾಲು. ಅದು ಯಾವ ಏರಿಳಿತವನ್ನೂ ಹೀರುತ್ತಿಲ್ಲ, ಬರುವ ಪ್ರತಿಯೊಬ್ಬರನ್ನೂ ಸುಮ್ಮನೆ ಕಾಯಿಸುತ್ತಿದೆ.

ಹಾಗಾಗಿ ಅವರ 'ಕೋಡೆಲ್' ಎಂಬ ವಿಧಾನ ಸಾಲಿನ ಉದ್ದವನ್ನೂ ನೋಡುವುದಿಲ್ಲ, ಸರಾಸರಿಯನ್ನೂ ನೋಡುವುದಿಲ್ಲ. ಅದು ಕೇಳುವುದು ಒಂದೇ: ಕಳೆದ 100 ಮಿಲಿಸೆಕೆಂಡುಗಳಲ್ಲಿ ಒಂದೇ ಒಂದು ಪ್ಯಾಕೆಟ್ಟಾದರೂ 5 ಮಿಲಿಸೆಕೆಂಡಿಗಿಂತ ಕಡಿಮೆ ಕಾದು ಹೊರಟಿತೇ? ಹೊರಟಿದ್ದರೆ ಸಾಲು ಕರಗುತ್ತಿದೆ, ಬಿಟ್ಟುಬಿಡು. ಇಲ್ಲವಾದರೆ ಸಾಲು ಬೇರೂರಿದೆ. ಒಂದು ಪ್ಯಾಕೆಟ್ಟನ್ನು ಬೇಕೆಂದೇ ಬೀಳಿಸಿ ಕಳುಹಿಸುವವರಿಗೆ ಎಚ್ಚರಿಕೆ ಕೊಡು, ಕೇಳದಿದ್ದರೆ ಇನ್ನಷ್ಟು ಬೇಗಬೇಗ ಕೊಡು. ನೂರು ವರ್ಷಗಳ ಬಳಿಕ ಸಂಕ್ರಮಣ ಹಂತ ಎಸೆಯುವ ಅಂಕಿಯಾಗಿ ಉಳಿಯದೆ ಅಳತೆಗೋಲೇ ಆದದ್ದು ಇಲ್ಲಿ. ಈ ವಿಧಾನವನ್ನು ಪ್ರತಿ ಹರಿವಿಗೂ ಬೇರೆ ಸಾಲು ಕೊಡುವ ವಿಧಾನದ ಜೊತೆ ಸೇರಿಸಿದ ರೂಪ ಅದೇ ವರ್ಷ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ಸೇರಿತು. 2018ರಲ್ಲಿ ಎರಡೂ, ಇಂಟರ್ನೆಟ್‌ನ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಇಂಟರ್ನೆಟ್ ಎಂಜಿನಿಯರಿಂಗ್ ಕಾರ್ಯಪಡೆಯ ದಾಖಲೆಗಳಾಗಿ ಪ್ರಕಟವಾದವು. ಇದನ್ನು ಮನೆಮನೆಯ ರೌಟರಿಗೆ ತಲುಪಿಸಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದ ಡೇವ್ ಟಾಟ್ 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಸಾಮಾನ್ಯ ಬಳಕೆದಾರನ ಪರವಾಗಿ ಅಷ್ಟು ಹಟದಿಂದ ದುಡಿದವರು ಈ ರಂಗದಲ್ಲಿ ವಿರಳ.

ಪ್ಯಾಕೆಟ್ಟನ್ನು ಬೀಳಿಸದೆ ಅದರ ಮೇಲೆ ಗುರುತು ಹಾಕಿ ಎಚ್ಚರಿಸುವ ಎಲ್4ಎಸ್ ಎಂಬ ಹೊಸ ವ್ಯವಸ್ಥೆಯ ದಾಖಲೆಗಳು 2023ರ ಜನವರಿಯಲ್ಲಿ ಪ್ರಕಟವಾಗಿವೆ. ಅಮೆರಿಕದ ಇಂಟರ್ನೆಟ್ ಸೇವಾ ಕಂಪನಿ ಕಾಮ್‌ಕಾಸ್ಟ್ 2025ರ ಜನವರಿಯಲ್ಲಿ ಅದನ್ನು ಗ್ರಾಹಕರಿಗೆ ಕೊಡಲು ಆರಂಭಿಸಿತು. ದಾರಿ ತುಂಬುವ ಮುನ್ನವೇ ಸಣ್ಣಸಣ್ಣ ಎಚ್ಚರಿಕೆಗಳು ಹೋಗುವುದರಿಂದ ವೇಗವನ್ನು ಅರ್ಧಕ್ಕೆ ಕತ್ತರಿಸುವ ಬದಲು ಸ್ವಲ್ಪ ಸ್ವಲ್ಪವೇ ತಗ್ಗಿಸಬಹುದು.

ಫಲಿತಾಂಶದ ಮೊದಲ ನಿಮಿಷ

ರೌಟರುಗಳು ಶಿಸ್ತು ಕಲಿತರೂ ಮನುಷ್ಯರ ಬೆರಳು ಕಲಿತಿಲ್ಲ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಕೂರುತ್ತಾರೆ. ಸೆಕೆಂಡಿಗೆ 2,000 ಜನರಿಗೆ ಉತ್ತರ ಕೊಡಬಲ್ಲ ಒಂದು ಜಾಲತಾಣವನ್ನು ಊಹಿಸಿಕೊಳ್ಳಿ. ಎಂಟು ಲಕ್ಷ ಮನೆಗಳು ಮೊದಲ ಒಂದು ನಿಮಿಷದಲ್ಲೇ ತಲಾ ಒಮ್ಮೆ ಕೇಳಿದರೆ ನಿಮಿಷದ ಕೊನೆಗೆ 1,20,000 ಜನರಿಗೆ ಉತ್ತರ ಸಿಕ್ಕಿ 6,80,000 ಜನ ಸಾಲಿನಲ್ಲಿರುತ್ತಾರೆ. ಎಲ್ಲರೂ ಸುಮ್ಮನೆ ಕಾದರೆ ಮುಂದಿನ 5 ನಿಮಿಷ 40 ಸೆಕೆಂಡುಗಳಲ್ಲಿ ಎಲ್ಲರ ಕೈಗೂ ಅಂಕಪಟ್ಟಿ ಬರುತ್ತದೆ. ಆದರೆ ಯಾವ ಮನೆ ಸುಮ್ಮನೆ ಕಾಯುತ್ತದೆ? ಹತ್ತು ಸೆಕೆಂಡಿಗೊಮ್ಮೆ ಪ್ರತಿಯೊಬ್ಬರೂ ಪುಟವನ್ನು ಮತ್ತೆ ತೆರೆದರೆ ಸೆಕೆಂಡಿಗೆ 68,000 ಹೊಸ ಕೋರಿಕೆಗಳು ಬರುತ್ತವೆ. ಬಿಟ್ಟುಹೋದ ಹಳೆಯ ಕೋರಿಕೆಗಳಿಗೂ ಸರ್ವರ್ ಉತ್ತರ ತಯಾರಿಸುತ್ತಲೇ ಇರುತ್ತದೆ, ಪಡೆಯಲು ಆ ತುದಿಯಲ್ಲಿ ಯಾರೂ ಇರುವುದಿಲ್ಲ. ವರ್ಜೀನಿಯಾದಲ್ಲಿ ನಡೆದದ್ದೂ ಇದೇ. 1986ರಲ್ಲಿ ಬರ್ಕ್ಲಿಯಲ್ಲಿ ನಡೆದದ್ದೂ ಇದೇ.

ಆತಂಕದಲ್ಲಿ ಗುಂಡಿ ಒತ್ತುವ ಹುಡುಗಿಯನ್ನು ದೂರುವುದು ಅನ್ಯಾಯ. ತಪ್ಪಿರುವುದು ಅವಳಿಗೆ ಏನನ್ನೂ ಹೇಳದ ವ್ಯವಸ್ಥೆಯಲ್ಲಿ. ಬಂದವರಿಗೆ ಟೋಕನ್ ಕೊಟ್ಟು "ನಿಮ್ಮ ಸರದಿ ಇನ್ನು ನಾಲ್ಕು ನಿಮಿಷಕ್ಕೆ" ಎಂದು ತಿಳಿಸಬಹುದು. ಪುಟವೇ ತಾನಾಗಿ ಮರುಪ್ರಯತ್ನ ಮಾಡುವುದಾದರೆ ಪ್ರತಿ ಸಲವೂ ಬಿಡುವನ್ನು ಇಮ್ಮಡಿಸಿ, ಅದಕ್ಕೆ ಒಂದಿಷ್ಟು ಯಾದೃಚ್ಛಿಕ ಸಮಯವನ್ನು ಸೇರಿಸಬಹುದು, ಆಗ ಎಲ್ಲ ಫೋನುಗಳೂ ಒಂದೇ ಕ್ಷಣಕ್ಕೆ ಮರಳಿ ಬಂದು ಬಡಿಯುವುದಿಲ್ಲ. ಇವು ಹೊಸ ವಿದ್ಯೆಗಳಲ್ಲ. ಸ್ಥಿರ ಸ್ಥಿತಿಯ ಲೆಕ್ಕದಲ್ಲಿ ಇವುಗಳ ಅಗತ್ಯವೇ ಕಾಣುವುದಿಲ್ಲವಾದ್ದರಿಂದ ಇವು ಟೆಂಡರಿನ ಷರತ್ತುಗಳಲ್ಲಿ ಸೇರುವುದಿಲ್ಲ.

ಅಳೆಯುವವರಿಗೊಂದು ಕೋರಿಕೆ

ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಸೇವಾ ಗುಣಮಟ್ಟದ ಹೊಸ ನಿಯಮಗಳನ್ನು 2024ರ ಅಕ್ಟೋಬರ್ 1ರಿಂದ ಜಾರಿಗೆ ತಂದಿದೆ. ಮೊಬೈಲ್ ಸೇವೆಯ ಗುಣಮಟ್ಟವನ್ನು ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದುದನ್ನು 2025ರ ಏಪ್ರಿಲ್‌ನಿಂದ ತಿಂಗಳಿಗೊಮ್ಮೆ ನೋಡಬೇಕೆಂದು ಬದಲಿಸಿದೆ. ವಿಳಂಬ, ಪ್ಯಾಕೆಟ್ ನಷ್ಟ ಮುಂತಾದವೂ ನಿಯಮಗಳ ಒಳಗೆ ಬಂದಿವೆ. ಇದು ನಿಜಕ್ಕೂ ಮುಂದಿನ ಹೆಜ್ಜೆ, ಸ್ವಾಗತಿಸಬೇಕು. ಆದರೂ ಒಂದು ತಿಂಗಳು ಸಾಲಿನ ಆಯುಷ್ಯಕ್ಕೆ ಹೋಲಿಸಿದರೆ ಒಂದು ಯುಗ.

ಒಂದು ಗೋಪುರದ ವಿಳಂಬ ದಿನವಿಡೀ 30 ಮಿಲಿಸೆಕೆಂಡು, ಯಾವುದೋ ಹತ್ತು ನಿಮಿಷ ಮಾತ್ರ 2,000 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ. ಎಲ್ಲ ಹೊತ್ತನ್ನೂ ಸಮನಾಗಿ ಕೂಡಿಸಿ ಸರಾಸರಿ ತೆಗೆದರೆ 44 ಮಿಲಿಸೆಕೆಂಡಿಗೂ ಕಡಿಮೆ ಬರುತ್ತದೆ. ಉತ್ತಮ ದರ್ಜೆಯ ಸಂಪರ್ಕ ಎನ್ನಿಸಿಕೊಳ್ಳುತ್ತದೆ. ಅಷ್ಟೇ ಅಲ್ಲ, ಈ ಸರಾಸರಿಯಲ್ಲಿ ಬೆಳಗಿನ ಜಾವ ಮೂರು ಗಂಟೆಯ ನಿಮಿಷಕ್ಕೂ ಸಂಜೆ ಎಂಟರ ನಿಮಿಷಕ್ಕೂ ಒಂದೇ ತೂಕ. ಬೆಳಗಿನ ಜಾವ ಆ ಗೋಪುರದಡಿ ಎಚ್ಚರವಿರುವವರು ಹತ್ತು ಜನ, ಸಂಜೆ ಸಾವಿರ ಜನ. ಸಾಲು ಉದ್ದವಾಗಿರುವುದೇ ಹೆಚ್ಚು ಜನ ಇರುವ ಹೊತ್ತಿನಲ್ಲಿ. ಹಾಗಾಗಿ ಗಡಿಯಾರದ ಸರಾಸರಿ ಯಾವಾಗಲೂ ಜನರ ಸರಾಸರಿಗಿಂತ ಚೆನ್ನಾಗಿ ಕಾಣುತ್ತದೆ.

ಬೇಕಾದದ್ದು ಮೂರು ಅಂಕಿ. ದಾರಿ ಖಾಲಿ ಇದ್ದಾಗಿನ ವಿಳಂಬದ ಜೊತೆಗೆ ಅದು ತುಂಬಿ ದುಡಿಯುತ್ತಿರುವಾಗಿನ ವಿಳಂಬ. ಆಪಲ್ ತನ್ನ ಕಂಪ್ಯೂಟರುಗಳಲ್ಲಿ 2021ರಿಂದಲೇ ಇದನ್ನು ಅಳೆಯುವ ಸಾಧನವನ್ನು ಕೊಟ್ಟಿದೆ. ಎರಡನೆಯದು, ಸರಾಸರಿಯ ಬದಲು ನೂರರಲ್ಲಿ ಅತಿ ಹೆಚ್ಚು ಕಾದ ಒಬ್ಬರ ಅನುಭವ. ಮೂರನೆಯದನ್ನು ಕೇಳುವವರೇ ಇಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ: ದಟ್ಟಣೆ ಇಳಿದ ಕ್ಷಣದಿಂದ ಸಾಲು ಕರಗಿದ ಕ್ಷಣದವರೆಗೆ ಹಿಡಿದ ಸಮಯ. ಮಳೆ ನಿಂತದ್ದು ಯಾವಾಗ, ಮರ ಒಣಗಿದ್ದು ಯಾವಾಗ. ಎರಡೂ ಗಳಿಗೆಗಳ ಗುರುತು ರೌಟರಿನ ಲೆಕ್ಕದಲ್ಲಿ ಸಿಗುತ್ತದೆ. ಐದು ನಿಮಿಷಕ್ಕೊಮ್ಮೆ ನೋಡುವುದನ್ನು ಬಿಟ್ಟು ಸೆಕೆಂಡಿಗೊಮ್ಮೆ ನೋಡಿ, ಪ್ರತಿ ಗೋಪುರದ ತಿಂಗಳ ಅತಿ ಕೆಟ್ಟ ಐದು ನಿಮಿಷಗಳನ್ನು ಸರಾಸರಿಯ ಪಕ್ಕದಲ್ಲೇ ಪ್ರಕಟಿಸಲಿ.